ಐವತ್ತು ಕಿಲೋಮೀಟರ್, ಆರು ಗುಳಿಗೆ

ಇಪ್ಪತ್ತು ವರ್ಷದಿಂದ ನಾನು ಬೇರೆಯವರ ಮೂತ್ರದ ಬಣ್ಣ ನೋಡಿ ಹೊಟ್ಟೆ ಹೊರೆದವಳು. ರೋಣದ ಒಂದು ಸಣ್ಣ ಲ್ಯಾಬಿನಲ್ಲಿ ನನಗೆ ಕೆಲಸ. ರಕ್ತ ತೆಗೆಯುತ್ತೇನೆ, ಪರೀಕ್ಷೆ ಮಾಡುತ್ತೇನೆ, ವರದಿ ಬರೆದು ಕೊಡುತ್ತೇನೆ. ನನ್ನ ಸ್ವಂತ ಮೂತ್ರದ ಬಣ್ಣವನ್ನು ಕಣ್ಣಿಟ್ಟು ನೋಡಿದ್ದು ಒಂದು ಫೆಬ್ರುವರಿಯ ಭಾನುವಾರ, ಮಧ್ಯಾಹ್ನ ಹನ್ನೆರಡೂವರೆಗೆ, ಗಜೇಂದ್ರಗಡದ ಗುಡ್ಡದ ಮೇಲೆ ಒಂದು ಬಂಡೆಯ ಮರೆಯಲ್ಲಿ. ಹಾಲು ಹಾಕದ ಚಹಾದ ಬಣ್ಣ. ಗೊತ್ತಿಲ್ಲದವರ ಬಗ್ಗೆ ಕನಿಕರ ಪಡಬಹುದು. ನನಗೆ ಅದು ಏನೆಂದು ಗೊತ್ತಿತ್ತು: ಸ್ನಾಯು ಒಡೆದು ಮೂತ್ರಕ್ಕೆ ಇಳಿದ ಬಣ್ಣ, ಮೂತ್ರಪಿಂಡ ಕೆಡುವ ಮುನ್ಸೂಚನೆ. ಆದರೂ ಬೂಟಿನ ಲೇಸು ಬಿಗಿದುಕೊಂಡು ಮುಂದೆ ಓಡಿದೆ. ಇನ್ನೂ ಹನ್ನೆರಡು ಕಿಲೋಮೀಟರ್ ಬಾಕಿ ಇತ್ತು.

ಇದನ್ನು ಬರೆಯುತ್ತಿರುವುದು ಯಾರಿಗೂ ಧೈರ್ಯ ತುಂಬಲು ಅಲ್ಲ. ನಾನು ದವಾಖಾನೆಯಿಂದ ಬಂದ ಮೇಲೆ ಬಂಧುಗಳು ಮೊಬೈಲಿಗೆ ಕಳಿಸಿದ ಲೇಖನಗಳಲ್ಲೆಲ್ಲ ಕಾಯಿಲೆ ಬಿದ್ದವರು ಕೊನೆಗೆ ದೊಡ್ಡ ಮನುಷ್ಯರಾಗಿ ಎದ್ದು ಬಂದಿದ್ದರು. ನಾನು ಹಾಗೆ ಆಗಲಿಲ್ಲ. ನನ್ನಂತೆ ಏನೂ ಆಗದೆ, ಬರೀ ಸಿಟ್ಟಿನಲ್ಲಿ ಉಳಿದುಕೊಂಡವರು ಎಲ್ಲಾದರೂ ಇದ್ದರೆ ಅವರು ಓದಲಿ.

ನನ್ನ ಹೆಸರು ಸುಮಂಗಲಾ. ವಯಸ್ಸು ನಲವತ್ತೆರಡು. ಗಂಡ ಬಸವರಾಜ ಅದೇ ಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟಿದ್ದಾರೆ. ಪಿಯುಸಿ ಓದುವ ಮಗಳು ಒಬ್ಬಳು. ಓಡುವ ಹುಚ್ಚು ಹತ್ತಿದ್ದು ನಲವತ್ತು ತುಂಬಿದ ವರ್ಷ. ಇಡೀ ದಿನ ಸ್ಟೂಲಿನ ಮೇಲೆ ಕುಳಿತು ಸೊಂಟ ಹಿಡಿಯುತ್ತಿತ್ತು. ಬೆಳಗಿನ ಹೊತ್ತು ಹೊಳೆಆಲೂರ ರಸ್ತೆಯಲ್ಲಿ ನಡೆಯಲು ಶುರುಮಾಡಿದೆ. ಒಂದು ದಿನ ನಾಯಿ ಬೆನ್ನುಹತ್ತಿತೆಂದು ಓಡಿದೆ. ನಾಯಿ ನಿಂತಿತು, ನಾನು ನಿಲ್ಲಲಿಲ್ಲ. ಎದೆ ಏದುತ್ತಿದ್ದರೂ ಆ ಹೊತ್ತಿನಲ್ಲಿ ಯಾರ ಹೆಂಡತಿಯೂ ಅಲ್ಲ, ಯಾರ ಸೊಸೆಯೂ ಅಲ್ಲ ಎನ್ನುವ ಒಂದು ಸುಖ ಇತ್ತು. ಅದರ ರುಚಿ ಬಿಡಲಿಲ್ಲ.

ನರಗುಂದದ ಹೆಣ್ಣುಮಕ್ಕಳ ಶಾಲೆಯ ಆಟದ ಟೀಚರ್ ಶಮೀಮ್ ನನಗೆ ಜೊತೆಯಾದಳು. ನನಗಿಂತ ಏಳು ವರ್ಷ ಚಿಕ್ಕವಳು. ರಜೆಯ ದಿನ ನಾನು ನರಗುಂದಕ್ಕೆ ಹೋಗುತ್ತಿದ್ದೆ, ಇಬ್ಬರೂ ಅಲ್ಲಿನ ಗುಡ್ಡ ಹತ್ತಿ ಇಳಿಯುತ್ತಿದ್ದೆವು. ಹೇಗೆ ಇಳಿಯಬೇಕು, ಮೊಣಕಾಲು ಎಷ್ಟು ಬಾಗಿಸಬೇಕು, ನೀರು ಯಾವಾಗ ಕುಡಿಯಬೇಕು ಎಲ್ಲ ಹೇಳಿಕೊಟ್ಟವಳು ಅವಳೇ. ಗಜೇಂದ್ರಗಡದ ಗುಡ್ಡಗಳಲ್ಲಿ ಐವತ್ತು ಕಿಲೋಮೀಟರ್ ಓಟ ಇಡುತ್ತಾರೆ ಎಂಬ ಸುದ್ದಿ ತಂದವಳೂ ಅವಳೇ. ಹೊರಗಿನ ಊರಿನ ಓಟಗಾರರ ಒಂದು ಗುಂಪು ಏರ್ಪಡಿಸಿತ್ತು. ಇಪ್ಪತ್ತೈದು ಕಿಲೋಮೀಟರಿನ ಎರಡು ಸುತ್ತು. ಹತ್ತು ತಾಸಿನೊಳಗೆ ಮುಗಿಸಬೇಕು.

ನನ್ನ ಗಂಡ ಬೇಡ ಎನ್ನಲಿಲ್ಲ. ಅದನ್ನು ಇಲ್ಲಿ ಹೇಳಲೇಬೇಕು. ಅತ್ತೆ ಮೂಗು ಮುರಿದಾಗ ನನ್ನ ಪರ ಮಾತಾಡಿದವರು ಅವರೇ. ಅಂಗಡಿಗೆ ಬಂದವರಿಗೆಲ್ಲ "ನಮ್ಮ ಮನ್ಯಾಕಿ ಐವತ್ತು ಕಿಲೋಮೀಟರ್ ಗುಡ್ಡಾ ಓಡಾಕಿದಾಳ್ರಿ" ಎಂದು ಹೇಳಿಕೊಂಡರು. ಓಟದ ಹಿಂದಿನ ದಿನ ನನ್ನ ಬೆನ್ನಿನ ಚೀಲದ ಪಕ್ಕದ ಕಿಸೆಗೆ ಒಂದು ಗುಳಿಗೆ ಹಾಳೆ ಸೇರಿಸಿದರು. ಹತ್ತು ಗುಳಿಗೆಯ ಹಾಳೆ, ಅಂಗಡಿಯಲ್ಲಿ ದಿನಾ ಹೋಗುವ ನೋವಿನ ಗುಳಿಗೆ.

"ಕಾಲು ಹಿಡದ್ರ ಒಂದು ತಗೋ. ಆಮ್ಯಾಲೆ ಬೇಕಂದ್ರ ಇನ್ನೊಂದು. ಎರಡಕ್ಕ ಏನೂ ಆಗಂಗಿಲ್ಲ" ಎಂದರು.

ನಾನು ಬೇಡ ಎನ್ನಲಿಲ್ಲ. ಅದನ್ನೂ ಹೇಳಲೇಬೇಕು.

ಬೆಳಗಿನ ಐದೂವರೆಗೆ ಅರವತ್ತು ಜನ ಹೊರಟೆವು. ಅದರಲ್ಲಿ ಹೆಂಗಸರು ನಾಲ್ವರು. ಮೊದಲ ಹತ್ತು ಕಿಲೋಮೀಟರ್ ನಾನು ಬದುಕಿನಲ್ಲಿ ಕಂಡ ಅತಿ ಚೆಂದದ ಹೊತ್ತು. ಗುಡ್ಡದ ತಲೆಯ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿದ್ದವು. ಅವುಗಳ ರೆಕ್ಕೆಯ ನೆರಳು ನಮ್ಮ ಮೇಲೆ ಹಾದು ಹೋಗುತ್ತಿತ್ತು. ಕೆಳಗೆ ಹೊಲಗಳಲ್ಲಿ ಕಡಲೆ ಕಿತ್ತು ರಾಶಿ ಹಾಕಿದ್ದರು. ಕಾಲಕಾಲೇಶ್ವರ ಗುಡಿಯ ಮೆಟ್ಟಿಲು ಹತ್ತುವಾಗ ಮುಂದಿದ್ದ ಒಬ್ಬ ಗಂಡಸು ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟ. ಇದನ್ನು ಈಗಲೂ ನೆನೆದು ಖುಷಿಪಡುತ್ತೇನೆ. ನಾಚಿಕೆಯೂ ಆಗುತ್ತದೆ.

ಹದಿನೆಂಟನೇ ಕಿಲೋಮೀಟರಿಗೆ ತೊಡೆ ಹಿಡಿಯಿತು. ಮೊದಲ ಗುಳಿಗೆ ನುಂಗಿದೆ. ನೋವು ಹೋಯಿತು. ಇಪ್ಪತ್ತೈದಕ್ಕೆ, ಮೊದಲ ಸುತ್ತು ಮುಗಿಯುವಾಗ, ಎರಡನೆಯದು. ಅಲ್ಲಿ ಶಮೀಮ್ ನಿಂತುಬಿಟ್ಟಳು.

"ಸಾಕಕ್ಕಾ. ಬಿಸಲ ನೋಡು. ನಂದು ಇಲ್ಲಿಗೆ ಮುಗೀತು."

"ಕಾಲು ನೋವೇನ?"

"ನೋವಿಲ್ಲ. ಆದ್ರ ಇನ್ನ ಓಡಿದ್ರ ಚಲೋ ಅಲ್ಲ ಅನಸ್ತು. ನೀನೂ ನಿಲ್ಲು. ಮುಂದಿನ ವರ್ಷ ಬರೂಣು."

ಮಕ್ಕಳಿಗೆ ಓಟ ಕಲಿಸುವವಳು ಅರ್ಧಕ್ಕೆ ಬಿಟ್ಟಳಲ್ಲ ಎಂದು ಒಳಗೊಳಗೇ ಅವಳನ್ನು ಹಗುರವಾಗಿ ಕಂಡೆ. "ನೀ ಕುಂಡ್ರು. ನಾ ಮುಗಿಸಿ ಬರ್ತೀನಿ" ಎಂದು ಹೇಳಿ ಎರಡನೇ ಸುತ್ತಿಗೆ ಹೊರಟೆ.

ಆಮೇಲಿನದು ಬರೀ ಕಲ್ಲು ಮತ್ತು ಬಿಸಿಲು. ಮೂವತ್ತಕ್ಕೆ ಮೂರನೆಯ ಗುಳಿಗೆ, ಮೂವತ್ತೈದಕ್ಕೆ ನಾಲ್ಕನೆಯದು. ಅಲ್ಲಿ ನೀರು ಕೊಡುತ್ತಿದ್ದ ವಯಸ್ಸಾದ ಒಬ್ಬರು ನನ್ನ ಮುಖ ನೋಡಿ, "ಯವ್ವಾ, ಒಂದೀಟು ಕುಂಡ್ರು. ಮುಖ ಸುಟ್ಟಂಗ ಆಗೇತಿ" ಎಂದರು. ಬೆಲ್ಲ ಶೇಂಗಾ ಮುಂದೆ ಹಿಡಿದರು. ಕುಳಿತರೆ ಏಳಲಾರೆ ಎಂದು ನಿಂತೇ ಬಾಯಿಗೆ ಹಾಕಿಕೊಂಡೆ. ವಾಂತಿಯಾಯಿತು. ಬಾಯಿ ತೊಳೆದು ನಡೆದೆ. ಮೂರು ಕಿಲೋಮೀಟರ್ ಆಚೆ ಆ ಬಂಡೆ.

ಅಲ್ಲಿ ಯಾಕೆ ನಿಲ್ಲಲಿಲ್ಲ? ಮೂತ್ರಪಿಂಡದ ಡಾಕ್ಟರ್ ಕೇಳಿದರು, ಅಣ್ಣ ಕೇಳಿದ, ಮಗಳು ಕೇಳಿದಳು. ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಕೊಟ್ಟೆ. ಖರೆ ಉತ್ತರ ಇದು: ಕೆಳಗೆ ನನ್ನ ಗಂಡ ಹಾರ ಹಿಡಿದು ನಿಂತಿದ್ದರು. ಊರೆಲ್ಲ ಹೇಳಿಕೊಂಡಿದ್ದರು. ನಿಂತರೆ ಅತ್ತೆ ನಗುತ್ತಾರೆ. ಇಷ್ಟು ಸಣ್ಣ ಕಾರಣಕ್ಕೆ. ಇನ್ನೆರಡು ಗುಳಿಗೆ ನುಂಗಿ, ಒಂಬತ್ತು ಮುಕ್ಕಾಲು ತಾಸಿಗೆ ಓಟ ಮುಗಿಸಿದೆ.

ಹಾರ ಹಾಕಿದರು, ವಿಡಿಯೋ ತೆಗೆದರು. ಶಮೀಮ್ ಮಾತ್ರ ಕೊಡೆ ಹಿಡಿದುಕೊಂಡು ಬಂದು ನನ್ನ ತೋಳು ಮುಟ್ಟಿ ನೋಡಿ, "ಅಕ್ಕಾ, ನಿನ್ನ ಮೈ ಯಾಕ ಹಿಂಗ ಬಿರಸ ಆಗೇತಿ?" ಎಂದು ಕೇಳಿದಳು. ನಾನು ನಕ್ಕೆ.

ಸಂಜೆ ಆರಕ್ಕೆ ರೋಣದ ಮನೆಯಲ್ಲಿ ಕುಳಿತಲ್ಲಿಂದ ಏಳಲು ಆಗಲಿಲ್ಲ. ತೊಡೆಗಳು ಒಣಗಿದ ಕಟ್ಟಿಗೆಯಂತಾಗಿದ್ದವು. ಗಂಡ ನನ್ನನ್ನು ಕಾರಿನಲ್ಲಿ ಹಾಕಿಕೊಂಡು ಹತ್ತಿರದ ಒಬ್ಬ ಡಾಕ್ಟರ ಕಡೆ ಒಯ್ದರು. ಡಾಕ್ಟರು ನಾಡಿ ನೋಡಿದರು, ಕಾಲು ಒತ್ತಿದರು. ಸೂಜಿ ಮದ್ದು ಹಾಕುವ ಮೊದಲು ಕೇಳಬೇಕಾದ್ದನ್ನು ಕೇಳಿದರು.

"ಓಡುವಾಗ ನೋವಿನ ಗುಳಿಗಿ ಏನರ ತಗೊಂಡಾರೇನ್ರಿ?"

"ಇಲ್ರಿ ಡಾಕ್ಟ್ರ" ಎಂದರು ನನ್ನ ಗಂಡ. ನಾನು ಬಾಯಿ ತೆರೆಯುವ ಮೊದಲೇ. "ಏನೂ ತಗೊಂಡಿಲ್ಲ."

ನಾನು ಅವರ ಮುಖ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ಡಾಕ್ಟರು ನೋವಿನ ಸೂಜಿ ತುಂಬಿಕೊಂಡರು. ಅದರೊಳಗೆ ಏನಿದೆ ಎಂದು ನನಗೆ ಗೊತ್ತಿತ್ತು. ನನ್ನ ಚೀಲದಲ್ಲಿದ್ದ ಗುಳಿಗೆಯ ಒಡಹುಟ್ಟಿದ್ದೇ, ಮೂತ್ರಪಿಂಡಕ್ಕೆ ಇನ್ನೊಂದು ಪೆಟ್ಟು. "ಡಾಕ್ಟ್ರ, ತಡೀರಿ" ಎನ್ನಲು ಎರಡು ಮಾತು ಸಾಕಿತ್ತು. ಆಡಲಿಲ್ಲ. ಎಷ್ಟು ನುಂಗಿದೆ ಎಂದು ಕೇಳಿದರೆ ಆರು ಎಂದು ಹೇಳಬೇಕಾಗುತ್ತಿತ್ತು. ಲ್ಯಾಬಿನವಳು ಆರು ನುಂಗಿದಳಂತೆ ಎಂದು ನಾಳೆ ಪೇಟೆಯಲ್ಲಿ ಆಡಿಕೊಳ್ಳುತ್ತಾರೆ ಎಂದು ಹೆದರಿದೆ. ಸೂಜಿ ಚುಚ್ಚಿಸಿಕೊಂಡೆ.

ಮರುದಿನ ಇಡೀ ದಿನ ಮೂತ್ರ ಬರಲಿಲ್ಲ. ಅದರ ಮರುದಿನ ಬೆಳಿಗ್ಗೆ ಮುಖ ಬಾತಿತ್ತು. ಮಗಳ ಹೆಗಲು ಹಿಡಿದು ಲ್ಯಾಬಿಗೆ ಹೋಗಿ, ಜೊತೆಯ ಹುಡುಗಿಯಿಂದ ನನ್ನ ರಕ್ತ ತೆಗೆಸಿ, ಪರೀಕ್ಷೆ ನಾನೇ ಮಾಡಿದೆ. ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಲ್ಮಶ, ಕ್ರಿಯಾಟಿನಿನ್, ಆರರ ಹತ್ತಿರ ತೋರಿಸಿತು. ಒಂದರ ಆಚೀಚೆ ಇರಬೇಕಾದದ್ದು. ಯಂತ್ರ ಕೆಟ್ಟಿದೆ ಎಂದುಕೊಂಡೆ. ಅದೇ ಯಂತ್ರದಲ್ಲಿ ಮಗಳ ರಕ್ತ ಹಾಕಿದೆ. ಅವಳದು ಸರಿ ಇತ್ತು. ನನ್ನದನ್ನು ಮತ್ತೆ ಹಾಕಿದೆ. ಅದೇ ಆರು. ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆದೆ, ಕೆಳಗೆ ಸಹಿಯ ಜಾಗದಲ್ಲೂ ನನ್ನ ಹೆಸರೇ ಬರೆದೆ. ಇಂಥ ಅಂಕಿ ಬಂದಾಗ ಎದುರಿಗೆ ಕುಳಿತವರ ಮುಖ ನೋಡದೆ, "ಡಾಕ್ಟರಿಗೆ ತೋರಸ್ರಿ, ಏನಾಗಂಗಿಲ್ಲ" ಎಂದು ಕಾಗದ ಮಡಚಿ ಕೊಡುವುದು ನನ್ನ ರೂಢಿ. ಅವತ್ತು ಯಾರಿಗೆ ಕೊಡಲಿ?

ಅವತ್ತೇ ನನ್ನನ್ನು ಒಯ್ದ ಹುಬ್ಬಳ್ಳಿಯ ದವಾಖಾನೆಯಲ್ಲಿ ಕಾಯುವ ಹಾಲ್ ಒಂದು ಸಂತೆಯಂತೆ ಇತ್ತು. ಒಬ್ಬರ ಜೊತೆ ನಾಲ್ಕು ಜನ, ರೊಟ್ಟಿ ಗಂಟು, ನೀರಿನ ಕ್ಯಾನು. ಸ್ಟ್ರೆಚರಿನ ಮೇಲೆ ಮಲಗಿದವಳಿಗೆ ಕಾಣುವುದು ಬರೀ ಜನರ ಗದ್ದ ಮತ್ತು ಮೂಗಿನ ಹೊಳ್ಳೆ. ನಮ್ಮ ಕಡೆಯವರೂ ನೆರೆದರು. ಅಣ್ಣ ನನ್ನ ಗಂಡನ ಜೊತೆ ಜೋರು ಧ್ವನಿಯಲ್ಲಿ ಮಾತಾಡಿದ. ಸೋದರತ್ತೆ ಎಳನೀರು ಹಿಡಿದುಕೊಂಡು ಬಂದರು. ಕಿಡ್ನಿ ಕೆಟ್ಟವರಿಗೆ ಎಳನೀರು ಕೊಡಬಾರದು ಎಂದು ನರ್ಸ್ ಕಸಿದುಕೊಂಡಳು. "ನೀರಿನಾಗ ಏನೈತಿ?" ಎಂದು ಸೋದರತ್ತೆ ಜಗಳ ತೆಗೆದರು. ಅತ್ತೆ ನನ್ನ ಕಾಲ ಹತ್ತಿರ ನಿಂತು, "ಹೆಣ್ಮಕ್ಕಳಿಗೆ ಗುಡ್ಡಾ ಓಡೂದು ಎದಕ್ಕ ಬೇಕಿತ್ತು" ಎಂದು ಬಂದವರಿಗೆಲ್ಲ ಒಂದೊಂದು ಸಲ ಕೇಳಿದರು. ಅದೇ ಹೊತ್ತಿಗೆ ನನ್ನ ಗಂಡನ ಮೊಬೈಲಿನ ಸ್ಟೇಟಸ್ಸಿನಲ್ಲಿ ನಾನು ಹಾರ ಹಾಕಿಕೊಂಡು ನಗುತ್ತಿದ್ದೆ. ಮಗಳು ಅವರ ಕೈಯಿಂದ ಮೊಬೈಲ್ ಕಿತ್ತುಕೊಂಡು ಅದನ್ನು ತೆಗೆದುಹಾಕಿದಳು.

ಅಲ್ಲಿನ ಡಾಕ್ಟರ್ ಒಬ್ಬ ಹೆಣ್ಣುಮಗಳು, ಮೂವತ್ತೈದರ ಸುಮಾರು. ಅದೇ ಪ್ರಶ್ನೆ ಕೇಳಿದರು. ನನ್ನ ಗಂಡ ಅದೇ ಉತ್ತರ ಕೊಟ್ಟರು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಅವತ್ತೇ ಕುತ್ತಿಗೆಗೆ ನಳಿಗೆ ಹಾಕಿ ಡಯಾಲಿಸಿಸ್‌ಗೆ ಒಯ್ದರು.

ಆ ಕೋಣೆಯಲ್ಲಿ ಆರು ಮಂಚ, ಆರು ಯಂತ್ರ. ನನ್ನ ರಕ್ತ ನನ್ನ ಕಣ್ಣೆದುರಿಗೇ ನಳಿಗೆಯಲ್ಲಿ ಹೊರಗೆ ಹೋಗುವುದನ್ನು ನೋಡಿದೆ. ಎಷ್ಟು ಸಾವಿರ ಸಲ ಬೇರೆಯವರ ರಕ್ತ ಎಳೆದಿದ್ದೇನೋ, ನನ್ನದು ಹೋಗುವಾಗ ಕೈಕಾಲು ನಡುಗಿದವು.

"ಅದು ಥಂಡಿ ಅಕ್ಕಾರ, ಅಂಜಿಕಿ ಅಲ್ಲ" ಎಂದ ಪಕ್ಕದ ಮಂಚದವನು. "ಮೊದಲ ಸರ್ತಿ ಎಲ್ಲಾರಿಗೂ ಆಗ್ತೈತಿ. ಹೊದಕಿ ಕೇಳ್ರಿ. ಕೇಳದಿದ್ರ ಅವರು ಕೊಡಂಗಿಲ್ಲ." ಕೇಳುವ ಶಕ್ತಿ ನನಗಿರಲಿಲ್ಲ. ಆತ ತನ್ನ ಮೈಮೇಲಿದ್ದ ಕೌದಿಯನ್ನೇ ನರ್ಸ್ ಕೈಯಲ್ಲಿ ಕೊಟ್ಟು ನನಗೆ ಹೊದಿಸಿದ. ಹಳೆ ಸೀರೆಗಳ ಕೌದಿ, ಸೀಗೆಕಾಯಿಯ ವಾಸನೆ ಇತ್ತು. ದವಾಖಾನೆಯಲ್ಲಿ ಕಳೆದ ಮೂರು ವಾರಗಳಲ್ಲಿ ನನಗೆ ಸಿಕ್ಕ ಮೊದಲ ಬೆಚ್ಚನೆಯ ವಸ್ತು ಅದು.

ಆತನ ಹೆಸರು ಯಲ್ಲಪ್ಪ. ಹೊಳೆಮಣ್ಣೂರಿನವನು, ಗೌಂಡಿ ಕೆಲಸದವನು. ಐವತ್ತರ ಆಸುಪಾಸು. ಹೊಳೆ ಊರೊಳಗೆ ಬಂದು ಮನೆಗಳು ಬಿದ್ದ ವರ್ಷಗಳಲ್ಲಿ ಆ ಕಡೆಯ ಊರುಗಳ ಎಷ್ಟೋ ಗೋಡೆಗಳನ್ನು ಮತ್ತೆ ಎಬ್ಬಿಸಿದ್ದ. ಈಗ ವಾರಕ್ಕೆ ಎರಡು ಸಲ ಇಲ್ಲಿಗೆ ಬಂದು ಮಲಗುತ್ತಿದ್ದ. ನನ್ನದು ತಿರುಗಿ ಸರಿಯಾಗಬಹುದು ಎಂದು ಡಾಕ್ಟರ್ ಹೇಳಿದ್ದರು. ಅವನದು ಸರಿಯಾಗುವ ಹಾಗಿರಲಿಲ್ಲ.

ಮೂರನೇ ಸಲ ಪಕ್ಕಪಕ್ಕ ಮಲಗಿದ್ದಾಗ ಆತ ನನ್ನನ್ನು ದಿಟ್ಟಿಸಿ ನೋಡಿ ಕೇಳಿದ.

"ನೀವು ರೋಣದ ಲ್ಯಾಬಿನ ಅಕ್ಕಾರ ಹೌದಲ್ರಿ? ನನ್ನ ರಗತ ಮೊದಲ ನೀವ ತಗದಿದ್ರಿ."

ನನಗೆ ನೆನಪಿರಲಿಲ್ಲ. "ಹೌದೇನ?" ಎಂದೆ.

"ಹೌದ್ರಿ. ಏನಾಗಂಗಿಲ್ಲ, ಡಾಕ್ಟರಿಗೆ ತೋರಸ್ರಿ ಅಂದ್ರಿ. ನಿಮ್ಮ ಯಜಮಾನ್ರೂ ಗೊತ್ತು ನಂಗ. ಔಷಧಿ ಅಂಗಡಿ ಬಸಣ್ಣಾರು. ಭಾಳ ಚಲೋ ಮನಶ್ಯಾ. ನಂಗ ಮಂಡಿ ನೋವು ಇತ್ರಿ, ಗಾರೆ ಕೆಲಸ ಅಲ್ಲಾ, ದಿನಾ ಕುಕ್ಕರಗಾಲಿನ ಮ್ಯಾಲೆ ಕುಂಡ್ರೂದು. ಎರಡು ವರ್ಷ ಅವರ ಕಡಿಂದನ ಗುಳಿಗಿ ತಗೊಂಡೆ. ಒಂದಿನಾ ಚೀಟಿ ಕೇಳಲಿಲ್ಲ ನೋಡ್ರಿ. ಬಡವರು ಡಾಕ್ಟರ್ ಕಡೆ ಎಲ್ಲಿ ಹೋಗ್ತಾರ ಅಂತ ತಾವ ಕೊಡ್ತಿದ್ರು. ಆ ಗುಳಿಗಿ ಇದ್ದದ್ದಕ್ಕ ಎರಡು ವರ್ಷ ದುಡದೆ."

ಆತನ ಧ್ವನಿಯಲ್ಲಿ ಚುಚ್ಚು ಇರಲಿಲ್ಲ. ನಾನು ಎಷ್ಟು ಹುಡುಕಿದರೂ ಇರಲಿಲ್ಲ. ಖರೇನೇ ಹೊಗಳುತ್ತಿದ್ದ.

"ದಿನಕ್ಕ ಎಷ್ಟು ತಗೋತಿದ್ದಿ ಅಣ್ಣಾ?" ಎಂದು ಕೇಳಿದೆ.

"ಎರಡ್ರಿ. ಕೆಲಸ ಜೋರಿದ್ದಾಗ ಮೂರು."

ಆ ಎರಡು ವರ್ಷ ನಾನು ಅದೇ ಪೇಟೆಯಲ್ಲಿ, ಅದೇ ಅಂಗಡಿಯಿಂದ ನಾಲ್ಕು ಹೆಜ್ಜೆ ಆಚೆ, ಸ್ಟೂಲಿನ ಮೇಲೆ ಕುಳಿತಿದ್ದೆ. ಸಂಜೆ ಹೊತ್ತು ಗಂಡನಿಗೆ ಊಟದ ಡಬ್ಬಿ ಕೊಡಲು ಹೋದಾಗ ಗಿರಾಕಿಗಳ ಗದ್ದಲವಿದ್ದರೆ ನಾನೂ ಗುಳಿಗೆ ಹಾಳೆ ಕತ್ತರಿಸಿ ಕೊಟ್ಟಿದ್ದೇನೆ. ಆತನಿಗೂ ಕೊಟ್ಟಿರಬಹುದು. ಗೊತ್ತಿಲ್ಲ. ಮುಖ ನೋಡಿ ಕೊಟ್ಟವಳಲ್ಲ ನಾನು.

ಅವತ್ತು ಡಾಕ್ಟರ್ ನೋಡಲು ಬಂದಾಗ ಗಂಡ ಪಕ್ಕದಲ್ಲಿ ನಿಂತಿದ್ದರು. ನಾನೇ ಹೇಳಿದೆ.

"ಮೇಡಂ, ನಾನು ಆರು ನೋವಿನ ಗುಳಿಗಿ ನುಂಗಿದ್ದೆ. ಆ ಸಂಜೀನ ಸೂಜಿನೂ ಹಾಕಿಸ್ಕೊಂಡೆ."

ಡಾಕ್ಟರ ಪೆನ್ನು ನಿಂತಿತು. "ಮೊದಲ ದಿನ ಕೇಳಿದ್ನಲ್ರಿ?"

ನಾನು ಉತ್ತರ ಕೊಡುವ ಮೊದಲು ಬಸವರಾಜ ಹೇಳಿದರು: "ನಂಗ ಗೊತ್ತಿರಲಿಲ್ರಿ ಮೇಡಂ. ಆಕಿನ ಅಂಗಡ್ಯಾಗಿಂದ ತಗೊಂಡಿರಬೇಕು. ಕೇಳಿದ್ರ ನಾ ಕೊಡ್ತಿದ್ದೆನೇನ್ರಿ?"

ಕುತ್ತಿಗೆಗೆ ನಳಿಗೆ ಹಾಕುವಾಗ ನಾನು ಅಳಲಿಲ್ಲ. ಈ ಮಾತಿಗೆ ಕಣ್ಣೀರು ಬಂತು. ಡಾಕ್ಟರ್ ಇಬ್ಬರ ಮುಖವನ್ನೂ ನೋಡಿ, ಬರೆದುಕೊಂಡು, ನನ್ನ ಹೆಗಲ ಮೇಲೆ ಒಂದು ಕ್ಷಣ ಕೈಯಿಟ್ಟು ಮುಂದಿನ ಮಂಚಕ್ಕೆ ಹೋದರು.

"ಯಾಕ್ರೀ?" ಎಂದು ಕೇಳಿದೆ. ಅಷ್ಟೇ ಕೇಳಿದೆ.

ಅವರು ಮಂಚದ ಕಬ್ಬಿಣ ಹಿಡಿದು ತಗ್ಗಿದ ದನಿಯಲ್ಲಿ ಹೇಳಿದರು: "ಅದನ್ನ ಕಾಗದದಾಗ ಬರೀತಾರ ಸುಮಾ. ನಾಳೆ ಯಾರರ ಕೇಳಿದ್ರ? ಚೀಟಿ ಇಲ್ಲದ ಕೊಟ್ಟೀನಿ ಅಂತ ಲೈಸೆನ್ಸ್ ಹೋದ್ರ ನಾವು ಏನ್ ತಿನ್ನೂದು?"

"ನನ್ನ ಕಿಡ್ನಿ ಹೋದ್ರ?"

"ಹೋಗಂಗಿಲ್ಲ. ಡಾಕ್ಟರ್ ಹೇಳ್ಯಾರಲ್ಲ."

ಅವರು ಕೆಟ್ಟವರಲ್ಲ. ಇದನ್ನು ಬರೆಯಲು ನನಗೆ ಕಷ್ಟವಾಗುತ್ತದೆ. ಆ ಮೂರು ವಾರ ದವಾಖಾನೆಯ ಬೆಂಚಿನ ಮೇಲೆ ಮಲಗಿದವರು ಅವರೇ, ನನ್ನ ತಲೆ ಬಾಚಿದವರು ಅವರೇ, ಬೆಡ್‌ಪ್ಯಾನ್ ಹಿಡಿದವರು ಅವರೇ. ಆದರೆ ಆ ಎರಡು ಸುಳ್ಳು ಇನ್ನೂ ಅಲ್ಲಿಯೇ ಇವೆ. ಮೊದಲನೆಯದರಲ್ಲಿ ನಾನೂ ಪಾಲುದಾರಳು, ಅದಕ್ಕೇ ಅದನ್ನು ನುಂಗಿಕೊಳ್ಳಬಲ್ಲೆ. ಎರಡನೆಯದು ಗಂಟಲಲ್ಲಿ ನಿಂತಿದೆ.

ಐದು ಡಯಾಲಿಸಿಸ್ ಆದ ಮೇಲೆ ಒಂದು ಬೆಳಿಗ್ಗೆ ಮೂತ್ರ ಬಂತು. ಅಳತೆಯ ಡಬ್ಬಿಯಲ್ಲಿ ಅರ್ಧ ಲೋಟದಷ್ಟು. ನಾನು ಅದನ್ನು ಬೆಳಕಿಗೆ ಹಿಡಿದು ನೋಡಿದೆ. ತಿಳಿ ಹಳದಿ. ಪಾಯಖಾನೆ ತೊಳೆಯುವ ಹೆಂಗಸು ನನ್ನ ಕೈಯಲ್ಲಿದ್ದ ಡಬ್ಬಿ ನೋಡಿ, "ಬಂತೇನ್ರಿ ಅಕ್ಕಾರ? ಚಲೋ ಆತು" ಎಂದು ನಕ್ಕಳು. ಅವಳೊಬ್ಬಳ ಮುಂದೆ ನಾನು ಖುಷಿಯಿಂದ ನಕ್ಕೆ. ಶಮೀಮ್ ಪ್ರತಿ ಭಾನುವಾರ ನರಗುಂದದಿಂದ ಬರುತ್ತಿದ್ದಳು. ಏನೂ ತರುತ್ತಿರಲಿಲ್ಲ, ಏನೂ ಉಪದೇಶ ಮಾಡುತ್ತಿರಲಿಲ್ಲ. ನನ್ನ ಅಂಗಾಲು ತನ್ನ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಒಮ್ಮೆ ಮಾತ್ರ, "ನಾ ನಿನ್ನ ಹಿಡದು ನಿಲ್ಲಸಬೇಕಿತ್ತಕ್ಕಾ" ಎಂದಳು. "ನಾ ನಿಲ್ತಿರಲಿಲ್ಲ" ಎಂದೆ. ಅದು ಖರೆ.

ಈಗ ನನ್ನ ಕ್ರಿಯಾಟಿನಿನ್ ಒಂದೂವರೆಯಲ್ಲಿ ನಿಂತಿದೆ. ಇನ್ನು ಕೆಳಗೆ ಇಳಿಯಲಿಕ್ಕಿಲ್ಲ ಎಂದಿದ್ದಾರೆ. ಉಪ್ಪು ಕಡಿಮೆ. ಜ್ವರ ಬಂದರೂ ಮನಸ್ಸಿಗೆ ಬಂದ ಗುಳಿಗೆ ನುಂಗುವಂತಿಲ್ಲ. ಗುಡ್ಡ ದೂರದಿಂದ ನೋಡುವುದು. ಲ್ಯಾಬಿಗೆ ಬಂದವರನ್ನು ಈಗ ಮುಖ ನೋಡಿ ಕೇಳುತ್ತೇನೆ, "ನೋವಿನ ಗುಳಿಗಿ ತಗೋತೀರೇನ್?" ಎಂದು. ತಗೋತೀವಿ ಎಂದವರಿಗೆ ಬಿಡಿಸಿ ಹೇಳುತ್ತೇನೆ. ಅವರಲ್ಲಿ ಕೆಲವರು ಹೋಗಿ ನನ್ನ ಗಂಡನಿಗೆ ಹೇಳುತ್ತಾರೆ. ಸಂಜೆ ಮನೆಯಲ್ಲಿ ಜಗಳ. ನಾನು ಎದುರಿಗೆ ಇದ್ದರೆ ಅವರು ಚೀಟಿ ಕೇಳುತ್ತಾರೆ, ಇಲ್ಲದಿದ್ದರೆ ಇಲ್ಲ.

ಮನೆಗೆ ಬಂದು ಎರಡು ತಿಂಗಳಾದ ಮೇಲೆ ಯಲ್ಲಪ್ಪನಿಗೆ ಹೇಳಬೇಕು ಎಂದು ನಿರ್ಧಾರ ಮಾಡಿದೆ. ಗಂಡನನ್ನು ಕರೆದೆ.

"ಇಬ್ಬರೂ ಹೋಗೂಣು. ಹೇಳಿ ಬರೂಣು."

"ಹೇಳಿದ್ರ ಅಂವನ ಕಿಡ್ನಿ ತಿರಗಿ ಬರ್ತಾವೇನ್?" ಎಂದರು. ಪೇಪರ್ ಓದುವುದನ್ನು ನಿಲ್ಲಿಸಲಿಲ್ಲ. "ಅದ ಗುಳಿಗಿ ಊರೆಲ್ಲಾ ತಿಂತಾರ. ಎಲ್ಲಾರಿಗೂ ಹಂಗ ಆಗೇತೇನ್?"

ಶಮೀಮ್ ತನ್ನ ಸ್ಕೂಟರಿನ ಹಿಂದೆ ನನ್ನನ್ನು ಕೂರಿಸಿಕೊಂಡು ಹೊಳೆಮಣ್ಣೂರಿಗೆ ಹೋದಳು. ಸರಕಾರ ಎತ್ತರದ ಜಾಗದಲ್ಲಿ ಕಟ್ಟಿಕೊಟ್ಟ ಮನೆಗಳ ಓಣಿಯಲ್ಲಿ ಯಲ್ಲಪ್ಪನ ಮನೆ. ಆತ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ. ಇನ್ನೂ ಸೊರಗಿದ್ದ. ಡಯಾಲಿಸಿಸ್‌ಗೆಂದು ಕೊಯ್ದು ಜೋಡಿಸಿದ ಎಡಗೈ ಮೇಲಿನ ನರ ಹಗ್ಗದಂತೆ ಉಬ್ಬಿತ್ತು. ನನ್ನನ್ನು ನೋಡಿ ಎದ್ದು ನಿಲ್ಲಲು ಹೋದ. ಆತನ ಹೆಂಡತಿ ದ್ಯಾಮವ್ವ ಒಳಗಿನಿಂದ ಚಾಪೆ ತಂದು ಹಾಸಿದಳು.

ನಾನು ಸುತ್ತಿಬಳಸದೆ ಹೇಳಿದೆ. ಆ ಗುಳಿಗೆಗಳನ್ನು ಅಷ್ಟು ದಿನ ತೆಗೆದುಕೊಂಡರೆ ಕಿಡ್ನಿ ಕೆಡಬಹುದು ಎಂಬುದು ನನ್ನ ಗಂಡನಿಗೆ ಗೊತ್ತಿತ್ತು ಎಂದೆ. ನನಗೂ ಗೊತ್ತಿತ್ತು ಎಂದೆ. ಚೀಟಿ ಕೇಳದೆ ಕೊಟ್ಟದ್ದು ಉಪಕಾರ ಆಗಿರಲಿಲ್ಲ ಎಂದೆ. ಹೇಳುವಾಗ ಕೈ ಮುಗಿದಿದ್ದೆನೋ ಇಲ್ಲವೋ ನೆನಪಿಲ್ಲ.

ಯಲ್ಲಪ್ಪ ಓಣಿಯ ಕಡೆ ಮುಖ ತಿರುಗಿಸಿದ. ಆಮೇಲೆ, "ಹೋಗ್ಲಿ ಬಿಡ್ರಿ ಅಕ್ಕಾರ. ಬಸಣ್ಣಾರು ಬೇಕಂತ ಮಾಡಿರಲಿಕ್ಕಿಲ್ಲ" ಎಂದ. ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದ. ಮತ್ತೆ ಹೊರಗೆ ಬರಲಿಲ್ಲ.

ದ್ಯಾಮವ್ವ ನಿಂತೇ ಇದ್ದಳು.

"ನೀವು ಹೇಳಿ ಹಗುರಾದ್ರಿ" ಎಂದಳು. "ಹೊಳಿ ಬಂದು ಮನಿ ಹೋದಾಗ ಯಾರಿಗೂ ಬೈಯ್ಯಾಕ ಬರಲಿಲ್ಲ. ಇದೂ ಹಂಗ, ನಮ್ಮ ಹಣೇಬಾರ ಅಂತ ಸುಮ್ಮನಿದ್ವಿ. ಈಗ ಬಂದು ಹಿಂಗ ಹೇಳ್ತೀರಿ. ಇನ್ನ ನಾ ಇದನ್ನ ಎಲ್ಲಿ ಇಟ್ಟುಕೊಳ್ಳಲಿ?"

ಏಳಲು ಹೋದೆ. ಅವಳು ಥಟ್ಟನೆ ಸೀರೆಯ ಸೆರಗು ಸರಿಸಿ ತನ್ನ ಬಲಗೈಯನ್ನು ನನ್ನ ಮುಂದೆ ಚಾಚಿದಳು.

"ನಂದೂ ರಗತ ನೋಡ್ರಿ. ಅವರು ತಂದ ಹಾಳಿಯಿಂದ ನಾನೂ ನುಂಗೀನಿ. ಸೊಂಟಕ್ಕ. ಅವರಷ್ಟ ದಿನ ನುಂಗೀನಿ."

ಸೂಜಿ, ಕೊಳವೆ ಏನನ್ನೂ ನಾನು ತಂದಿರಲಿಲ್ಲ. ಮರುದಿನ ಬೆಳಿಗ್ಗೆ ಲ್ಯಾಬಿಗೆ ಬರಲು ಹೇಳಿದೆ. ಬರುತ್ತಾಳೆ ಎಂಬ ನಂಬಿಕೆ ಇರಲಿಲ್ಲ. ನಾನು ಬೀಗ ತೆಗೆಯುವ ಹೊತ್ತಿಗೆ ಅವಳು ಆಗಲೇ ಬಂದು ಮೆಟ್ಟಿಲ ಮೇಲೆ ಕುಳಿತಿದ್ದಳು.

ರಕ್ತ ತೆಗೆಯುವಾಗ ಎರಡು ಸಲ ಚುಚ್ಚಬೇಕಾಯಿತು. ಯಂತ್ರದ ಮುಂದೆ ನಿಂತಾಗ, ನನ್ನ ಅಂಕಿ ಬರುವುದನ್ನು ಕಾಯುವಾಗ ಹೆದರಿದ್ದಕ್ಕಿಂತ ಹೆಚ್ಚು ಹೆದರಿದ್ದೆ. ಸೊನ್ನೆ ಪಾಯಿಂಟ್ ಒಂಬತ್ತು. ಮತ್ತೊಮ್ಮೆ ಹಾಕಿದೆ. ಅದೇ. ಮೂತ್ರವನ್ನೂ ನೋಡಿದೆ. ಎಲ್ಲ ಸರಿ ಇತ್ತು.

ಅವಳ ಎದುರಿಗೆ ಸ್ಟೂಲ್ ಎಳೆದುಕೊಂಡು ಕುಳಿತು, ಮುಖ ನೋಡಿ ಹೇಳಿದೆ. "ದ್ಯಾಮವ್ವಾ, ನಿಂದು ಎಲ್ಲಾ ಚಲೋ ಐತಿ. ಏನೂ ಆಗಿಲ್ಲ. ಇನ್ನ ಮ್ಯಾಲೆ ಮಾತ್ರ ಆ ಗುಳಿಗಿ ಮುಟ್ಟಬ್ಯಾಡ."

ಅವಳು ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಅವಳು ವರದಿಯ ಕಾಗದವನ್ನು ಕೈಯಲ್ಲಿ ಹಿಡಿದು, ಓದಲು ಬಾರದಿದ್ದರೂ ಅದನ್ನೇ ಬಹಳ ಹೊತ್ತು ನೋಡಿದಳು.

"ಒಂದ ಹಾಳಿಯಿಂದ ಇಬ್ಬರೂ ನುಂಗೀವಿ" ಎಂದಳು. "ಹಂಗಾರ ಅವರಿಗೊಬ್ಬರಿಗೇ ಯಾಕ ಆತ್ರಿ?"

ಇಪ್ಪತ್ತು ವರ್ಷ ಈ ಕೆಲಸ ಮಾಡಿದವಳು ನಾನು. ಗೊತ್ತಿಲ್ಲ ಎಂದೆ. ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದಲ್ಲಿ ಸಿಕ್ಕಿಸಿಕೊಂಡು, ಚುಚ್ಚಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಸ್ ನಿಲ್ದಾಣದ ಕಡೆ ಹೋದಳು.